ಮಳೆಗಾಲದ ಮುಳ್ಳುಸೌತೆ: ರೋಗ ತಡೆಯುವ ಬೀಜ ಯಾವುದು, ಬೀಜದಿಂದ ಆಗದ್ದು ಯಾವುದು? (ಕರಾವಳಿಯ ಕೈತೋಟದವರ ಮಾತುಕತೆ; ಪ್ರತಿ ಮಾತಿನ ಮೇಲೆ ಬರೆದವರ ಅಡ್ಡಹೆಸರು)

ಬಿಜೈ ಹಿತ್ತಿಲು

ಪತ್ತನಾಜೆ (ಮೇ ಕೊನೆಯ ವಾರ) ಕಳೆದ ಕೂಡಲೇ ಮುಳ್ಳುಸೌತೆ ಬೀಜ ಹಾಕುವ ಅಂದಾಜು ಉಂಟು. ಜಾಗ ಹತ್ತಡಿಗೆ ಆರಡಿ, ಮುರಕಲ್ಲು ಮಣ್ಣು, ಬೆಳಿಗ್ಗೆ ಎಂಟರಿಂದ ಮಧ್ಯಾಹ್ನ ಎರಡರವರೆಗೆ ಬಿಸಿಲು ಬೀಳುತ್ತದೆ. ಹೋದ ಮಳೆಗಾಲ ಇದೇ ಜಾಗದ ಬಳ್ಳಿಗೆ 35ನೇ ದಿನ ಬುಡದ ಎಲೆಯಲ್ಲಿ ಹಳದಿ ಚುಕ್ಕೆ ಬಂತು, 50ನೇ ದಿನಕ್ಕೆ ಎಲೆ ಪೂರ್ತಿ ಕರಟಿತು. ಈ ಸಲ ಅಂಗಡಿಯಲ್ಲಿ ಎರಡು ಪ್ಯಾಕೆಟ್ ನೋಡಿಟ್ಟಿದ್ದೇನೆ. ಒಂದರಲ್ಲಿ ಬರೀ ‘ರೋಗ ನಿರೋಧಕ’ ಅಂತ ಉಂಟು. ಇನ್ನೊಂದರಲ್ಲಿ ‘ಎಚ್‌ಆರ್: ಪಿಎಕ್ಸ್, ಐಆರ್: ಪಿಸಿಯು’ ಅಂತ ಏನೋ ಗುಟ್ಟಿನ ಭಾಷೆ. ಯಾವುದು ತರುವುದು?

ಬೀಜದ ಡಬ್ಬಿ

ಬರೀ ‘ರೋಗ ನಿರೋಧಕ’ ಅಂತ ಇರುವುದನ್ನು ಅಲ್ಲೇ ಬಿಟ್ಟು ಬನ್ನಿ. ಯಾವ ರೋಗಕ್ಕೆ ಅಂತ ಹೇಳದಿದ್ದರೆ ಆ ಮಾತಿಗೆ ಬೆಲೆ ಇಲ್ಲ.

ಗುಟ್ಟಿನ ಭಾಷೆ ಏನೂ ಕಷ್ಟದ್ದಲ್ಲ. ಎಚ್‌ಆರ್ ಅಂದರೆ ಹೆಚ್ಚಿನ ನಿರೋಧಕ ಶಕ್ತಿ; ಐಆರ್ ಅಂದರೆ ಮಧ್ಯಮ. ಮಧ್ಯಮ ಅಂದರೆ ರೋಗ ಬರುವುದಿಲ್ಲ ಅಂತಲ್ಲ, ತಡವಾಗಿ ಬರುತ್ತದೆ, ನಿಧಾನಕ್ಕೆ ಹಬ್ಬುತ್ತದೆ ಅಂತ. ಪಿಎಕ್ಸ್ ಬೂದಿ ರೋಗದ್ದು, ಪಿಸಿಯು ಬೂಜು ತುಪ್ಪಟ ರೋಗದ್ದು, ಸಿಎಂವಿ ಸೌತೆಯ ಮೊಸಾಯಿಕ್ ನಂಜಿನದ್ದು, ಸಿಒ ಚಿಬ್ಬು ರೋಗದ್ದು. ಸಿಸಿಯು ಅಂತಲೂ ಕೆಲವದರಲ್ಲಿ ಇರುತ್ತದೆ. ಅದು ತಂಪು ದೇಶದ ಕಾಯಿಕಜ್ಜಿ, ನಮ್ಮ ಕರಾವಳಿಯಲ್ಲಿ ಅದಕ್ಕೆ ದುಡ್ಡು ಕೊಡಬೇಕಾಗಿಲ್ಲ.

ಈಗ ನಿಮ್ಮ ಲೆಕ್ಕ ನೋಡಿ. ಬೂದಿ ರೋಗ ಒಣ ಹವೆಯದ್ದು, ನಮ್ಮಲ್ಲಿ ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಅದರ ಕಾಟ. ಜಡಿಮಳೆಯಲ್ಲಿ ಅದು ತಲೆ ಎತ್ತುವುದು ಕಡಿಮೆ. ಹಾಗಾಗಿ ಎರಡನೇ ಪ್ಯಾಕೆಟ್ಟಿನ ‘ಎಚ್‌ಆರ್’ ಅನ್ನುವ ದೊಡ್ಡ ಅಕ್ಷರ ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ನಿಮಗೆ ಉಪಯೋಗಕ್ಕೆ ಬರುವುದಿಲ್ಲ. ಪಕ್ಕದಲ್ಲಿ ಸಣ್ಣಕ್ಕೆ ಬರೆದ ‘ಐಆರ್: ಪಿಸಿಯು’ ಉಂಟಲ್ಲ, ಅದಕ್ಕೋಸ್ಕರ ತನ್ನಿ.

ಬ್ರಹ್ಮಾವರ ಬಳ್ಳಿ

ಅದಕ್ಕೂ ಮೊದಲು ಹೋದ ಸಲ ಬಂದದ್ದು ಬೂಜು ತುಪ್ಪಟವೇ ಅಂತ ಖಾತ್ರಿ ಮಾಡಿಕೊಳ್ಳಬೇಕು. ಹಳದಿ ಚುಕ್ಕೆ ಅಂದರೆ ಮೂರು ರೋಗದ ಮೇಲೆ ಸಂಶಯ ಹೋಗುತ್ತದೆ.

ಎಲೆಯನ್ನು ಬೆಳಕಿಗೆ ಹಿಡಿದು ನೋಡಿ. ಚುಕ್ಕೆ ನರಗಳ ನಡುವೆ ಸಿಕ್ಕಿಕೊಂಡು ಮೂಲೆ ಮೂಲೆಯಾಗಿ, ಹಂಚಿನ ಚೂರು ಜೋಡಿಸಿದ ಹಾಗೆ ಕಂಡರೆ ಬೂಜು ತುಪ್ಪಟ ಅಥವಾ ಬ್ಯಾಕ್ಟೀರಿಯಾದ ಎಲೆಚುಕ್ಕೆ, ಎರಡರಲ್ಲೊಂದು. ದುಂಡಗೆ ಕಂದು ಬಣ್ಣದಲ್ಲಿದ್ದು ನಡುವೆ ಬಿರಿದು ಉದುರಿದರೆ ಚಿಬ್ಬು. ಅದು ಕಾಯಿಯ ಮೇಲೂ ತಗ್ಗಿದ ಕಲೆ ಮಾಡುತ್ತದೆ. ಮೂಲೆಚುಕ್ಕೆಯ ಎರಡನ್ನು ಬೇರೆ ಮಾಡುವುದಕ್ಕೆ ಬೆಳಿಗ್ಗೆ ಎಂಟರೊಳಗೆ ಎಲೆ ಮಗುಚಿ ನೋಡಬೇಕು. ಬೂಜು ತುಪ್ಪಟವಾದರೆ ಚುಕ್ಕೆಯ ಅಡಿಯಲ್ಲೇ ಬೂದು-ನೇರಳೆ ಬಣ್ಣದ ತುಪ್ಪಳ, ಹೊಗೆ ಹಿಡಿದ ಹಾಗೆ. ಬ್ಯಾಕ್ಟೀರಿಯಾ ಆದರೆ ತುಪ್ಪಳ ಇಲ್ಲ. ಹಾಲಿನಂಥ ಹನಿ ಒಸರಿ ಒಣಗಿ ಬಿಳಿ ಪೊರೆ ಆಗಿರುತ್ತದೆ. ಸಂಶಯ ಉಳಿದರೆ ಎಲೆಯನ್ನು ಒದ್ದೆ ಕಾಗದದ ಜೊತೆ ಪ್ಲಾಸ್ಟಿಕ್ ತೊಟ್ಟೆಯಲ್ಲಿ ಕಟ್ಟಿ ರಾತ್ರಿಯಿಡೀ ಕತ್ತಲಲ್ಲಿಡಿ. ಬೂಜು ತುಪ್ಪಟ ಆಗಿದ್ದರೆ ಬೆಳಿಗ್ಗೆಗೆ ತುಪ್ಪಳ ಬಂದಿರುತ್ತದೆ.

ಇಷ್ಟೆಲ್ಲ ಯಾಕೆ ಅಂದರೆ ಔಷಧಿ ಬೇರೆ ಬೇರೆ. ಬೂಜು ತುಪ್ಪಟದ ರೋಗಾಣು ಸರಿಯಾದ ಅರ್ಥದಲ್ಲಿ ಶಿಲೀಂಧ್ರವೇ ಅಲ್ಲ, ಅಡಿಕೆಯ ಕೊಳೆರೋಗದ ದಾಯಾದಿ. ಜನ ಕಾರ್ಬೆಂಡಜಿಮ್ ತಂದು ಬಡಿಯುತ್ತಾರೆ. ಚಿಬ್ಬಿಗೆ ಅದು ನಡೆಯುತ್ತದೆ, ಬೂಜು ತುಪ್ಪಟಕ್ಕೆ ಏನೂ ಮಾಡುವುದಿಲ್ಲ.

ಮೂಡುಬಿದಿರೆ ತೋಟ

ಕೊಳೆರೋಗದ ದಾಯಾದಿ ಆದರೆ ಮದ್ದು ಮನೆಯಲ್ಲೇ ಉಂಟಲ್ಲ ಮಾರಾಯ್ರೆ! ಅಡಿಕೆಗೆ ಹೇಗೂ ಬೋರ್ಡೋ ಬಿಡುತ್ತೇವೆ, ಉಳಿದದ್ದನ್ನು ಬಳ್ಳಿಗೂ ಹೊಡೆದರೆ ಆಯಿತು. ಶೇ. 1ರದ್ದು, ನೂರು ಲೀಟರ್ ನೀರಿಗೆ ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ.

ಬ್ರಹ್ಮಾವರ ಬಳ್ಳಿ

ಅಡಿಕೆ ಗೊನೆಯೂ ಸೌತೆ ಎಲೆಯೂ ಒಂದಲ್ಲ ಅಣ್ಣ. ಶೇ. 1ರ ಬೋರ್ಡೋ ಎಳೆ ಸೌತೆ ಎಲೆಯ ಅಂಚು ಸುಡುತ್ತದೆ, ಮೋಡ ಮುಚ್ಚಿ ಎಲೆ ಒಣಗದ ದಿನ ಇನ್ನೂ ಜಾಸ್ತಿ. ಹೊಡೆಯಲೇಬೇಕಾದರೆ ಅರ್ಧ ಶೇಕಡಾದ್ದು ಸಾಕು: 10 ಲೀಟರಿಗೆ 50 ಗ್ರಾಂ ಮೈಲುತುತ್ತ, 50 ಗ್ರಾಂ ಸುಣ್ಣ. ಐದೈದು ಲೀಟರಿನಲ್ಲಿ ಬೇರೆ ಬೇರೆ ಕರಗಿಸಿ, ಪ್ಲಾಸ್ಟಿಕ್ ಬಕೆಟ್ಟಿನಲ್ಲಿ. ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಕದಡುತ್ತಾ ಹೊಯ್ಯಬೇಕು, ಸುಣ್ಣದ ನೀರನ್ನು ಮೈಲುತುತ್ತದ ನೀರಿಗೆ ಹೊಯ್ದರೆ ಹದ ಕೆಡುತ್ತದೆ. ಹೊಳೆಯುವ ಕತ್ತಿ ಒಂದು ನಿಮಿಷ ಅದ್ದಿ ತೆಗೆಯಿರಿ. ಅಲಗಿಗೆ ತಾಮ್ರದ ಕೆಂಪು ಹಿಡಿದರೆ ಸುಣ್ಣ ಸಾಲದು. ಇದೆಲ್ಲ ನಿಮಗೆ ಗೊತ್ತಿದ್ದದ್ದೇ, ಹಿತ್ತಿಲಿನವರಿಗೋಸ್ಕರ ಬರೆದೆ. ಅದೇ ದಿನ ಮುಗಿಸಬೇಕು, ನಿನ್ನೆಯದ್ದು ಬೇಡ.

ಆರೇಳು ಬಳ್ಳಿಗೆ ಇಷ್ಟು ರಗಳೆ ಬೇಡ ಅನ್ನುವವರಿಗೆ ಕಾಪರ್ ಆಕ್ಸಿಕ್ಲೋರೈಡ್ ಲೀಟರಿಗೆ 3 ಗ್ರಾಂ, ಇಲ್ಲವೇ ಮ್ಯಾಂಕೋಜೆಬ್ ಲೀಟರಿಗೆ 2 ಗ್ರಾಂ. ಇವೆರಡೂ ಎಲೆಯ ಮೇಲೆ ಕೂತು ಕಾಯುವ ಔಷಧಿಗಳು. ಒಳಗೆ ಹೊಕ್ಕ ರೋಗವನ್ನು ಹೊರಗೆ ಹಾಕುವುದಿಲ್ಲ. ಚುಕ್ಕೆ ಕಂಡ ಮೇಲೆ ಹೊಡೆದರೆ ಹೊಸ ಎಲೆ ಉಳಿಯಬಹುದು, ಹಳೆಯದ್ದು ಹೋಯಿತು ಅಂತಲೇ. ಅಡಿಭಾಗ ಒದ್ದೆಯಾಗದಿದ್ದರೆ ಹೊಡೆದೂ ಹೊಡೆಯದ ಹಾಗೆ. ಡಬ್ಬಿಯಲ್ಲಿ ಬರೆದ ಕಾಯುವ ದಿನ ಮುಗಿಯುವವರೆಗೆ ಕಾಯಿ ಕೊಯ್ಯಬೇಡಿ. ಸೌತೆ ದಿನ ಬಿಟ್ಟು ದಿನ ಕೊಯ್ಯುವ ಬೆಳೆ, ಹಸಿಯೇ ತಿನ್ನುವಂಥದ್ದು. ಕಾಯಿ ಬಿಡಲು ಸುರುವಾದ ಮೇಲೆ ನನ್ನ ಮಟ್ಟಿಗೆ ಸ್ಪ್ರೇ ಬಂದ್.

ಚಪ್ಪರದಡಿ

ಬೀಜ, ಔಷಧಿ ಎರಡರ ಮಾತೂ ಆಯಿತು. ಮಾಡಿನ, ಅಂದರೆ ಬಳ್ಳಿಯ ಮೇಲೆ ಕಟ್ಟುವ ಸೂರಿನ ಮಾತು ಯಾರೂ ಎತ್ತಲಿಲ್ಲ.

ಬೂಜು ತುಪ್ಪಟಕ್ಕೆ ಬೇಕಾದದ್ದು ಒದ್ದೆ ಎಲೆ. ಐದಾರು ಗಂಟೆ ಎಲೆಯ ಮೇಲೆ ನೀರು ನಿಂತರೆ ಸಾಕು, ಬೀಜಕ ಈಜಿಕೊಂಡು ಹೋಗಿ ಎಲೆಯ ಬಾಯಿಯಿಂದ ಒಳಗೆ ಹೋಗುತ್ತದೆ. ಮಂಗಳೂರಿಗೆ ಜುಲೈ ಒಂದರಲ್ಲೇ ಸಾವಿರ ಮಿ.ಮೀ. ಆಸುಪಾಸು ಮಳೆ ಬೀಳುತ್ತದೆ. ಆ ಮಳೆಯಲ್ಲಿ ‘ಐಆರ್’ ಎಷ್ಟು ದಿನ ತಡೆದೀತು? ಎರಡು ವಾರ ಹೆಚ್ಚು ಕೊಯ್ಲು ಸಿಗಬಹುದು, ಅಷ್ಟೇ.

ಎಲೆ ಒದ್ದೆ ಆಗದ ಹಾಗೆ ಮಾಡಿದರೆ ರೋಗಕ್ಕೆ ಬಾಗಿಲೇ ಇಲ್ಲ. 200 ಮೈಕ್ರಾನಿನ, ಬಿಸಿಲಿಗೆ ಬೇಗ ಹಾಳಾಗದ ಯುವಿ ಪ್ಲಾಸ್ಟಿಕ್ ಶೀಟು ತನ್ನಿ. ನಿಮ್ಮ ಹತ್ತಡಿ-ಆರಡಿ ಜಾಗಕ್ಕೆ ಹದಿಮೂರಡಿ-ಒಂಬತ್ತಡಿ ಶೀಟು ಬೇಕು, ಸುತ್ತ ಒಂದೂವರೆ ಅಡಿ ಹೊರಗೆ ಚಾಚುವಂತೆ. ಅಡಿಕೆ ಸಲಾಕೆಯ ಗೂಟ, ಒಂದು ಬದಿ ಎಂಟಡಿ, ಇನ್ನೊಂದು ಬದಿ ಆರೂವರೆ. ನಾಲ್ಕು ಬದಿ ತೆರೆದೇ ಇರಲಿ. ಬದಿ ಮುಚ್ಚಿದರೆ ಒಳಗೆ ಬೆವರು ನಿಂತು ಎಲೆ ಮತ್ತೆ ಒದ್ದೆ. ಶೀಟು ಸಡಿಲ ಬಿಟ್ಟರೆ ಹೊಂಡ ಬಿದ್ದು ನೀರು ತುಂಬಿ ಗೂಟ ಸಮೇತ ಬೀಳುತ್ತದೆ. ಒಂದಡಿಗೊಂದು ಸಲಾಕೆ ಅಡ್ಡ ಕಟ್ಟಿ. ನೈಋತ್ಯದ ಗಾಳಿಗೆ ಎತ್ತರದ ಬದಿ ಕೊಡಬೇಡಿ, ಹಾರಿಸಿಕೊಂಡು ಹೋಗುತ್ತದೆ.

ಅಡಿಕೆ ಒಣಗಿಸಲು ಪ್ಲಾಸ್ಟಿಕ್ ಮಾಡು ಕಟ್ಟಿದವರಿಗೆ ಇದೂ ಬೇಡ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದು ಖಾಲಿ. ಎರಡು ಬದಿ ಎತ್ತಿ ಕಟ್ಟಿ ಒಳಗೆ ಗ್ರೋ ಬ್ಯಾಗ್ ಇಟ್ಟರೆ ಆಯಿತು.

ಬೀಜದ ಡಬ್ಬಿ

ಚಪ್ಪರದಡಿಯವರ ಮಾತು ಒಪ್ಪಿದೆ. ಆದರೆ ಮಾಡು ಬಂದರೆ ಬೀಜದ ಲೆಕ್ಕವೂ ತಿರುಗುತ್ತದೆ, ಅದನ್ನು ಮರೆಯಬೇಡಿ. ಮಾಡಿನಡಿ ಎಲೆ ಒಣಗಿರುತ್ತದೆ, ಗಾಳಿ ಮಾತ್ರ ತೇವ. ಬೂದಿ ರೋಗಕ್ಕೆ ಅದೇ ಬೇಕಾದದ್ದು. ಬಿಳಿ ನೊಣ, ನುಸಿಯೂ ಮಳೆಯ ಹೊಡೆತ ಇಲ್ಲದೆ ಹಾಯಾಗಿ ಬೆಳೆಯುತ್ತವೆ. ಈಗ ನಿಮ್ಮ ‘ಎಚ್‌ಆರ್: ಪಿಎಕ್ಸ್’ ಪ್ಯಾಕೆಟ್ಟೇ ಸರಿ.

ಅಂದರೆ ಬೀಜ ಕೇಳುವ ಮೊದಲು ಮಾಡು ಉಂಟೋ ಇಲ್ಲವೋ ಕೇಳಬೇಕು. ಬಯಲಿಗೆ ಬೂಜು ತುಪ್ಪಟ ತಡೆಯುವ ತಳಿ. ಮಾಡಿನಡಿಗೆ ಬೂದಿ ತಡೆಯುವ, ಪರಾಗ ಇಲ್ಲದೆಯೂ ಕಾಯಿ ಕಟ್ಟುವ ತಳಿ. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ಪೂಸಾ ಸೀಡ್‌ಲೆಸ್ ಕುಕುಂಬರ್-6 ಪರಾಗ ಇಲ್ಲದೆ ಕಾಯಿ ಕಟ್ಟುವ ಬಗೆಯದ್ದು, ಬೀಜ ಇರುವುದಿಲ್ಲ. ಅದನ್ನು ಬಯಲಲ್ಲಿ ಹಾಕಿ ಜೇನು ಬಂದು ಕೂತರೆ ಕಾಯಿ ಸೋರೆಬುರುಡೆಯ ಹಾಗೆ ತುದಿ ಉಬ್ಬಿ ಸೊಟ್ಟ ಆಗುತ್ತದೆ.

ಬಯಲಿಗೆ ಹಳೆಯ ಹೆಸರು ಪಾಯಿನ್‌ಸೆಟ್. ಅಮೆರಿಕದ ದಕ್ಷಿಣ ಕೆರೊಲಿನಾದಲ್ಲಿ 1966ರಲ್ಲಿ ಬಿಡುಗಡೆ ಆದದ್ದು. ಬೂಜು ತುಪ್ಪಟ, ಬೂದಿ, ಚಿಬ್ಬು, ಬ್ಯಾಕ್ಟೀರಿಯಾ ಚುಕ್ಕೆ ನಾಲ್ಕಕ್ಕೂ ನಿರೋಧಕ ಅಂತ. ಅಲ್ಲಿನ ತಳಿಗಳಿಗೆ ಬೂಜು ತುಪ್ಪಟ ತಡೆಯುವ ಗುಣ ಸಿಕ್ಕಿದ್ದು ಭಾರತದಿಂದಲೇ ಒಯ್ದ ಪಿಐ 197087 ಅನ್ನುವ ಸೌತೆಯಿಂದ. ಸುಮಾರು ನಾಲ್ಕು ದಶಕ ಆ ಗುಣ ತಡೆಯಿತು. 2004ರಲ್ಲಿ ಅಮೆರಿಕದ ಪೂರ್ವ ಭಾಗದಲ್ಲಿ ರೋಗಾಣುವೇ ಬದಲಾಗಿ ಬಂದು ಎಲ್ಲ ಎಲೆ ಸುಟ್ಟಿತು. ಈಗ ಪ್ಯಾಕೆಟ್ಟಿನಲ್ಲಿ ಪಿಸಿಯು ಎದುರು ‘ಐಆರ್’ ಬಿಟ್ಟು ‘ಎಚ್‌ಆರ್’ ಅಪರೂಪ, ಅದರ ಹಿಂದೆ ಈ ಕಥೆ ಉಂಟು.

ಮಣಿಪಾಲ ತಾರಸಿ

ಹೈಬ್ರಿಡ್ ಪ್ಯಾಕೆಟ್ಟಿನಲ್ಲಿ ಕೆಲವು ಬೀಜಕ್ಕೆ ಬೇರೆ ಬಣ್ಣ ಇರುತ್ತದಲ್ಲ, ಅದು ಯಾಕೆ? ಬಿಸಾಡುವುದಾ?

ಬೀಜದ ಡಬ್ಬಿ

ಬಿಸಾಡಬೇಡಿ ಅಕ್ಕ, ಅದೇ ಗಂಡು. ಕೆಲವು ಹೈಬ್ರಿಡ್‌ಗಳಲ್ಲಿ ಬಳ್ಳಿ ತುಂಬ ಹೆಣ್ಣು ಹೂ ಮಾತ್ರ. ಪರಾಗಕ್ಕೆ ಅಂತ ಗಂಡು ಹೂ ಬಿಡುವ ತಳಿಯ ಬೀಜ ಶೇ. 10-12ರಷ್ಟು ಸೇರಿಸಿ ಗುರುತಿಗೆ ಬಣ್ಣ ಹಾಕಿರುತ್ತಾರೆ. ಆರು ಬೀಜ ಹಾಕುವಾಗ ಒಂದಾದರೂ ಆ ಬಣ್ಣದ್ದಿರಲಿ. ಎಲ್ಲ ಬೀಜವೂ ಒಂದೇ ಗುಲಾಬಿ ಬಣ್ಣ ಇದ್ದರೆ ಅದು ಔಷಧಿ ಲೇಪ, ಗಂಡು-ಹೆಣ್ಣಿನ ಲೆಕ್ಕ ಅಲ್ಲ.

ಸುಡುಮಣ್ಣು

ಮೇಲಿನ ಎಲೆಯ ಮಾತು ಸಾಕು, ಬುಡಕ್ಕೆ ಬನ್ನಿ. ಬುಡದ ರೋಗಕ್ಕೆ ಪ್ಯಾಕೆಟ್ಟಿನ ಅಕ್ಷರ ಹೆಚ್ಚೇನೂ ಕೆಲಸಕ್ಕೆ ಬರುವುದಿಲ್ಲ.

ಮುರಕಲ್ಲು ಮಣ್ಣು ಹುಳಿ. ಬೀಜ ಹಾಕುವ ಮೂರು ವಾರ ಮೊದಲು ಚದರ ಮೀಟರಿಗೆ 100-150 ಗ್ರಾಂ ಚಿಪ್ಪಿನ ಸುಣ್ಣ ಉದುರಿಸಿ ಮಣ್ಣಿಗೆ ಸೇರಿಸಿ, ಒಂದು ಕೊಡ ನೀರು ಚಿಮುಕಿಸಿ. ಸುಣ್ಣ ಮತ್ತು ಹಟ್ಟಿಗೊಬ್ಬರ ಒಟ್ಟಿಗೆ ಹಾಕಬೇಡಿ, ಗೊಬ್ಬರದ ಸಾರಜನಕ ವಾಸನೆಯಾಗಿ ಹಾರಿ ಹೋಗುತ್ತದೆ. ಹದಿನೈದು-ಇಪ್ಪತ್ತು ದಿನ ಅಂತರ ಬೇಕು.

ಆ ಹೊತ್ತಿನಲ್ಲಿ ಇನ್ನೊಂದು ಕಡೆ ಗೊಬ್ಬರ ತಯಾರಾಗಲಿ. 10 ಕೆ.ಜಿ. ಹಳೆ ಹಟ್ಟಿಗೊಬ್ಬರ, 1 ಕೆ.ಜಿ. ಬೇವಿನ ಹಿಂಡಿ, 100 ಗ್ರಾಂ ಟ್ರೈಕೋಡರ್ಮಾ (ಬುಡದ ರೋಗಾಣು ತಡೆಯುವ ಒಳ್ಳೆ ಶಿಲೀಂಧ್ರದ ಪುಡಿ). ಹಿಂಡಿದರೆ ಮುದ್ದೆ ಕಟ್ಟಬೇಕು, ನೀರು ಇಳಿಯಬಾರದು, ಅಷ್ಟೇ ಹಸಿ. ನೆರಳಲ್ಲಿ ಒದ್ದೆ ಗೋಣಿ ಮುಚ್ಚಿ, ನಾಲ್ಕು ದಿನಕ್ಕೊಮ್ಮೆ ಮಗುಚಿ, ಹದಿನೈದು ದಿನ. ಹಸಿರು ಪಾಚಿಯಂಥ ಬಣ್ಣ ಹಿಡಿದರೆ ಗೆದ್ದಿರಿ. ಇದಕ್ಕೆ ಬೂದಿ, ಸುಣ್ಣ, ತಾಮ್ರದ ಔಷಧಿ ಏನೂ ಸೋಕಬಾರದು.

ಮಳೆಗಾಲಕ್ಕೆ ಹೊಂಡ ತೆಗೆಯುವುದು ತಪ್ಪು, ದಿಬ್ಬ ಮಾಡಿ. ಒಂದಡಿ ಎತ್ತರ, ಎರಡಡಿ ಅಗಲ, ಮೇಲೆ ಸುಡುಮಣ್ಣು ಎರಡು ಬುಟ್ಟಿ. ತರಗೆಲೆ, ಒಣಸಗಣಿ, ಮಣ್ಣು ಪದರ ಪದರವಾಗಿ ಒಟ್ಟಿ ಸುಟ್ಟ ಮಣ್ಣು ಎಳೆ ಸಸಿಯ ಬುಡ ಕೊಳೆಯುವುದಕ್ಕೆ ಒಳ್ಳೆ ತಡೆ. ಹಗುರ, ನೀರು ನಿಲ್ಲುವುದಿಲ್ಲ, ಸುಟ್ಟದ್ದರಿಂದ ರೋಗಾಣುವೂ ಕಡಿಮೆ. ಬೀಜ ಮುಕ್ಕಾಲು ಇಂಚು ಆಳ, ಗಿಡದಿಂದ ಗಿಡಕ್ಕೆ ಒಂದೂವರೆಯಿಂದ ಎರಡಡಿ. ನಿಮ್ಮ ಜಾಗಕ್ಕೆ ಎರಡು ಸಾಲು, ಹತ್ತು ಗಿಡ. ಹನ್ನೆರಡು ಹಾಕುವ ಆಸೆ ಬೇಡ.

ಮಣಿಪಾಲ ತಾರಸಿ

ಗ್ರೋ ಬ್ಯಾಗ್‌ಗೆ ಇದೇ ಲೆಕ್ಕವಾ?

ಸುಡುಮಣ್ಣು

25-30 ಲೀಟರ್ ಹಿಡಿಯುವ ಚೀಲ ಬೇಕು, ಒಂದು ಚೀಲಕ್ಕೆ ಒಂದೇ ಬಳ್ಳಿ. ಮಣ್ಣು, ಸುಡುಮಣ್ಣು, ಆ ಗೊಬ್ಬರ, ತೊಳೆದ ತೆಂಗಿನ ನಾರಿನ ಪುಡಿ ಸಮಪಾಲು. ಸುಣ್ಣ ಒಂದು ದೊಡ್ಡ ಚಮಚ, ಮಣ್ಣಿಗೆ ಮಾತ್ರ, ಮುಂಚಿತವಾಗಿ. ಚೀಲದ ತೂತು ತಾರಸಿಗೆ ಅಂಟಿ ಮುಚ್ಚಿ ಹೋಗುತ್ತದೆ; ಅಡಿಗೆ ಎರಡು ಹಂಚಿನ ತುಂಡು ಕೊಡಿ.

ಬ್ರಹ್ಮಾವರ ಬಳ್ಳಿ

ಸೊರಗುವ ಬಳ್ಳಿಯ ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇನೆ, ಆಮೇಲೆ ಪ್ರಶ್ನೆ ಬಂದೇ ಬರುತ್ತದೆ. ಮಧ್ಯಾಹ್ನ ಬಾಡಿ ಸಂಜೆ ಚೇತರಿಸಿದರೆ ಬೇರಿನ ತೊಂದರೆ. ಒಂದು ಬಳ್ಳಿ ಕಿತ್ತು ನೋಡಿ. ಬೇರಿನಲ್ಲಿ ಗಂಟು ಗಂಟು ಕಂಡರೆ ಜಂತುಹುಳ, ಬೇರು ಕಂದಾಗಿ ಜಾರಿದರೆ ನೀರು ನಿಂತದ್ದು. ಸಂಜೆಗೂ ಏಳದಿದ್ದರೆ ಬುಡದ ಕಾಂಡ ಓರೆಯಾಗಿ ಕೊಯ್ಯಿರಿ. ಒಳಗೆ ಕಂದು ಗೆರೆ ಇದ್ದರೆ ಸೊರಗು ರೋಗ. ಆ ದಿಬ್ಬದಲ್ಲಿ ಮೂರು ವರ್ಷ ಸೌತೆ, ಹಾಗಲ, ಹೀರೆ, ಪಡುವಲ ಏನೂ ಬೇಡ. ಕುಂಬಳದ ಬೇರಿಗೆ ಸೌತೆ ಕಸಿ ಕಟ್ಟಿದರೆ ಸೊರಗು ತಪ್ಪುತ್ತದೆ, ಜಂತುಹುಳ ತಪ್ಪುವುದಿಲ್ಲ. ಜಂತುಹುಳಕ್ಕೆ ಅಂತ ಗೊಂಡೆ (ಚೆಂಡು) ಹೂವಿನ ಎರಡು ಗಿಡ ಮೂಲೆಯಲ್ಲಿ ನೆಟ್ಟರೆ ಅಲಂಕಾರ ಅಷ್ಟೇ. ಇಡೀ ಜಾಗಕ್ಕೆ ದಟ್ಟವಾಗಿ ಎರಡು ಮೂರು ತಿಂಗಳು ಬೆಳೆಸಿ ಅಲ್ಲೇ ಮಗುಚಬೇಕು. ಬದಲಿ ಬೆಳೆ ಅಂತ ಬೆಂಡೆ ಹಾಕುವವರು ಉಂಟು. ಬೆಂಡೆಯೂ ಆ ಹುಳಕ್ಕೆ ಊಟವೇ.

ಚಪ್ಪರದಡಿ

ಬಳ್ಳಿ ಹತ್ತಿಸುವುದು: ಹಾಗಲಕ್ಕೆ ಕಟ್ಟುವಂಥ ಮಟ್ಟಸ ಚಪ್ಪರ ಸೌತೆಗೆ ಬೇಡ, ಎಲೆಯ ಮೇಲೆ ಎಲೆ ಬಿದ್ದು ಅಡಿಯಲ್ಲಿ ಹಸಿ ನಿಲ್ಲುತ್ತದೆ. ಗೋಡೆಯ ಹಾಗೆ ನೆಟ್ಟಗೆ ಹತ್ತಿಸಿ. ಮಲ್ಪೆ, ಬಂದರು ಕಡೆ ಸಿಗುವ ಹಳೆ ಮೀನಿನ ಬಲೆ ಸಾಕು, ಆದರೆ ಕಣ್ಣು ಐದಾರು ಇಂಚಿನದ್ದಿರಲಿ. ಸಣ್ಣ ಕಣ್ಣಿನಲ್ಲಿ ಎಳೆ ಕಾಯಿ ನುಗ್ಗಿ ಸೊಂಟ ಕಟ್ಟಿದ ಹಾಗೆ ಬೆಳೆಯುತ್ತದೆ. ಉಪ್ಪು ಹೋಗುವವರೆಗೆ ಎರಡು ಸಲ ತೊಳೆಯಿರಿ.

ಬಳ್ಳಿ ಎದೆಮಟ್ಟ ಬಂದ ಮೇಲೆ ನೆಲದಿಂದ ಒಂದಡಿವರೆಗಿನ ಎಲೆ ತೆಗೆಯಿರಿ, ಒಂದೇ ದಿನ ಎಲ್ಲವನ್ನೂ ಅಲ್ಲ, ಎರಡೆರಡು. ಮಣ್ಣು ಸಿಡಿಯುವುದು, ರೋಗ ಸುರುವಾಗುವುದು ಅಲ್ಲಿಂದಲೇ. ಒದ್ದೆ ಬಳ್ಳಿಗೆ ಕೈ ಹಾಕಬೇಡಿ. ಐದನೇ ಗಂಟಿನವರೆಗಿನ ಕವಲು ಚಿವುಟಿ. ಪಾಯಿನ್‌ಸೆಟ್, ನಾಟಿ ಸೌತೆಯಲ್ಲಿ ಮೇಲಿನ ಕವಲು ಮುಟ್ಟಬೇಡಿ, ಹೆಣ್ಣು ಹೂ ಹೆಚ್ಚಾಗಿ ಕವಲಲ್ಲೇ.

ಮೂಡುಬಿದಿರೆ ತೋಟ

ನಾಟಿ ಬೀಜದ ಮಾತು ಈಗ ಬಂತು, ಸಂತೋಷ. ಇಷ್ಟು ಹೊತ್ತು ಪ್ಯಾಕೆಟ್ಟಿನದ್ದೇ ಪುರಾಣ. ಚೌತಿವರೆಗೂ ಕಾಯಿ ಬಿಡುವ ಗಿಡ್ಡ ಮುಳ್ಳುಸೌತೆ ನಮ್ಮ ಕಡೆ ಹಳೆ ಮನೆಗಳಲ್ಲಿ ಉಂಟಲ್ಲ?

ಬೀಜದ ಡಬ್ಬಿ

ಉಂಟು, ಆದರೆ ಮನೆಯಿಂದ ಮನೆಗೆ ಬೇರೆ. ಒಂದು ಮನೆಯದ್ದು ತಡೆದರೆ ಪಕ್ಕದ ಮನೆಯದ್ದು ತಡೆಯಬೇಕೆಂದಿಲ್ಲ. ಆರಿಸುವಾಗ ಜನ ಉದ್ದ ಕಾಯಿ ನೋಡಿ ಬೀಜಕ್ಕೆ ಬಿಡುತ್ತಾರೆ. ನೋಡಬೇಕಾದದ್ದು ಬಳ್ಳಿಯನ್ನು. ಆಟಿ ಮುಗಿಯುವಾಗಲೂ ಬುಡದ ಎಲೆ ಹಸಿರಿರುವ ಬಳ್ಳಿಗೆ ಕೆಂಪು ದಾರ ಕಟ್ಟಿ. ಸಂಜೆಯೇ ಮರುದಿನ ಅರಳುವ ಹೆಣ್ಣು ಮೊಗ್ಗಿನ ತುದಿಗೆ, ಒಂದೆರಡು ಗಂಡು ಮೊಗ್ಗಿಗೂ ದಾರ ಕಟ್ಟಿಡಿ. ಬೆಳಿಗ್ಗೆ ಒಂಬತ್ತರೊಳಗೆ ಬಿಚ್ಚಿ, ಅಂಥದ್ದೇ ಇನ್ನೊಂದು ಬಳ್ಳಿಯ ಗಂಡು ಹೂವಿನ ದಳ ಕಿತ್ತು ಮುಟ್ಟಿಸಿ, ಪುನಃ ಕಟ್ಟಿ. ಕಾಯಿ ಹಳದಿ ದಾಟಿ ಕಂದಾಗುವವರೆಗೆ ಬಳ್ಳಿಯಲ್ಲೇ ಇರಲಿ. ತಿರುಳು ಸಮೇತ ಬೀಜ ಪಾತ್ರೆಯಲ್ಲಿ ಒಂದೂವರೆ ದಿನ ಹುಳಿಯಲು ಬಿಡಿ, ತೊಳೆಯಿರಿ, ತೇಲಿದ್ದು ಚೆಲ್ಲಿ, ನೆರಳಲ್ಲಿ ಒಣಗಿಸಿ. ಚಿಬ್ಬು ಮತ್ತು ಬ್ಯಾಕ್ಟೀರಿಯಾ ಚುಕ್ಕೆ ಬೀಜದಲ್ಲಿ ಬರುತ್ತವೆ. ಬಿತ್ತುವ ಮೊದಲು 50 ಡಿಗ್ರಿ ನೀರಿನಲ್ಲಿ 20 ನಿಮಿಷ ಇಟ್ಟರೆ ಒಳ್ಳೆಯದು. ಥರ್ಮಾಮೀಟರ್ ಇಲ್ಲದಿದ್ದರೆ ಆ ಕೆಲಸಕ್ಕೆ ಹೋಗಬೇಡಿ, ಬೀಜ ಬೆಂದೀತು. ಬಣ್ಣ ಲೇಪಿಸಿದ ಅಂಗಡಿ ಬೀಜಕ್ಕೆ ಇದು ಬೇಡ.

ಬಿಜೈ ಹಿತ್ತಿಲು

ಪಕ್ಕದಲ್ಲೇ ಸಾಂಬಾರಿಗೆ ಮಂಗಳೂರು ಸೌತೆ ಹಾಕಿದರೆ ಬೆರಕೆ ಆಗಿ ಕಹಿ ಬರುತ್ತದೆ ಅಂತಾರೆ. ಹೌದಾ? ಒಂದೇ ಔಷಧಿ ಎರಡಕ್ಕೂ ನಡೆಯುತ್ತದಾ?

ಬ್ರಹ್ಮಾವರ ಬಳ್ಳಿ

ಬೆರಕೆ ಆಗುವುದಿಲ್ಲ. ಮಂಗಳೂರು ಸೌತೆ ಹೆಸರಿಗೆ ಸೌತೆ, ಜಾತಿಯಲ್ಲಿ ಕರಬೂಜದ್ದು. ಬೆರಕೆ ಆಗುವುದಾದರೆ ಚಿಬ್ಬಡದ ಜೊತೆ. ಮುಳ್ಳುಸೌತೆ ಕಹಿಯಾಗುವುದು ಹೆಚ್ಚಾಗಿ ಬಿಸಿಲಿಗೆ, ನೀರು ಏರುಪೇರಾದದ್ದಕ್ಕೆ.

ಔಷಧಿಯಲ್ಲಿ ಈ ಜಾತಿ ಭೇದ ನೆನಪಿಡಬೇಕು. ಬೇಸಿಗೆಯಲ್ಲಿ ಬೂದಿ ರೋಗಕ್ಕೆ ನೀರಲ್ಲಿ ಕರಗುವ ಗಂಧಕ ಲೀಟರಿಗೆ 2 ಗ್ರಾಂ ಹೊಡೆಯುತ್ತಾರೆ. ಮುಳ್ಳುಸೌತೆ ಹೇಗೋ ತಡೆದುಕೊಳ್ಳುತ್ತದೆ. ಕರಬೂಜದ ಜಾತಿಗೆ ಗಂಧಕ ಆಗಿಬರುವುದಿಲ್ಲ, ಎಲೆ ಸುಡುತ್ತದೆ. 32 ಡಿಗ್ರಿ ಮೇಲೆ ಎರಡಕ್ಕೂ ಬೇಡ, ಅಂದರೆ ನಮ್ಮ ಮಾರ್ಚ್‌ನಲ್ಲಿ ಹಗಲು ಹೊತ್ತು ಬೇಡವೇ ಬೇಡ. ಬದಲಿಗೆ ಒಂದು ಪಾಲು ಹಾಲು, ಒಂಬತ್ತು ಪಾಲು ನೀರು, ವಾರಕ್ಕೊಮ್ಮೆ, ಬಿಸಿಲಿರುವ ಬೆಳಿಗ್ಗೆ. ಬೂದಿಯ ಮೊದಲ ಬಿಳಿ ಚುಕ್ಕೆಗೆ ಅದು ಸಾಕಾಗುತ್ತದೆ. ಬೂಜು ತುಪ್ಪಟಕ್ಕೆ ಹಾಲು ಹೊಯ್ದರೆ ಹಾಲು ದಂಡ.

ಮಣಿಪಾಲ ತಾರಸಿ

ಕಾಯಿ ತುದಿ ಸಪೂರ ಆಗಿ ಕೊಕ್ಕೆಯ ಹಾಗೆ ಬಗ್ಗುವುದು ಯಾವ ರೋಗ?

ಚಪ್ಪರದಡಿ

ರೋಗ ಅಲ್ಲ, ಪರಾಗ ಸಾಲದು. ಜಡಿಮಳೆಯಲ್ಲಿ ತುಡುವೆ ಜೇನೂ ಹೊರಡುವುದಿಲ್ಲ, ಮುಜಂಟಿ ಜೇನೂ ಹೊರಡುವುದಿಲ್ಲ. ಬೆಳಿಗ್ಗೆ ಆರರಿಂದ ಒಂಬತ್ತರೊಳಗೆ ಕೈಯಿಂದ ಮುಟ್ಟಿಸಿ, ಒಂದು ಗಂಡು ಹೂವಿನಿಂದ ಎರಡು ಮೂರು ಹೆಣ್ಣಿಗೆ.

ಬಿಜೈ ಹಿತ್ತಿಲು

ಸರಿ. ಈ ಸಲಕ್ಕೆ ಶೀಟಿನ ಮಾಡು, ಪಿಎಕ್ಸ್ ಪ್ಯಾಕೆಟ್ಟಿನಿಂದ ಏಳು, ಪಾಯಿನ್‌ಸೆಟ್ ಮೂರು ಮಾಡಿನ ಹೊರಗೆ, ದಿಬ್ಬ, ಸುಡುಮಣ್ಣು. ಹಣ್ಣುನೊಣಕ್ಕೆ ಮಾವಿನ ಮರಕ್ಕೆ ಕಟ್ಟಿದ್ದ ಬಲೆ ಡಬ್ಬಿ ಮನೆಯಲ್ಲಿ ಉಂಟು, ಅದನ್ನೇ ತಂದು ಕಟ್ಟುತ್ತೇನೆ.

ಸುಡುಮಣ್ಣು

ಡಬ್ಬಿ ಇರಲಿ, ಒಳಗಿನ ನೊಣ ಸೆಳೆಯುವ ತುಂಡು ಬದಲಿಸಿ. ಮಾವಿನದ್ದರಲ್ಲಿ ಮೀಥೈಲ್ ಯುಜಿನಾಲ್ ಇರುತ್ತದೆ, ಸೌತೆಗೆ ಮೊಟ್ಟೆ ಇಡುವ ನೊಣ ಅದಕ್ಕೆ ಬರುವುದಿಲ್ಲ. ಅಂಗಡಿಯಲ್ಲಿ ‘ಕ್ಯೂ ಲೂರ್’ ಅಂತ ಹೆಸರು ಹೇಳಿ ಕೇಳಿ. ಹೂ ಬಿಡುವ ಮೊದಲೇ ಕಟ್ಟಿ. ಅದಕ್ಕೆ ಬೀಳುವುದು ಗಂಡು ನೊಣ ಮಾತ್ರ. ಚುಚ್ಚಿದ ಕಾಯಿ ಕಂಡರೆ ಕಿತ್ತು ಪ್ಲಾಸ್ಟಿಕ್ ತೊಟ್ಟೆಯಲ್ಲಿ ಬಾಯಿ ಬಿಗಿದು ಬಿಸಿಲಲ್ಲಿಡಿ, ಗೊಬ್ಬರ ಗುಂಡಿಗೆ ಹಾಕಬೇಡಿ.